ಬೆಂಗಳೂರಿನ ನೀರು, ನೆಲ, ಬಟ್ಟೆ: ಕಡಿಮೆ ಖರ್ಚಿನಲ್ಲಿ ಅಂದದ ಮನೆಗೆ ಸಮಗ್ರ ಮಾರ್ಗದರ್ಶಿ

ಚಾಮರಾಜಪೇಟೆಯ ಹಳೆಯ ಬಾಡಿಗೆ ಮನೆಯನ್ನು ಬಿಟ್ಟು ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿಗೆ ಬಂದಾಗ ನಮ್ಮ ಸಾಮಾನೆಲ್ಲ ಹಳೆಯದೇ ಆಗಿತ್ತು. ಅದೇ ಸೋಪಿನ ಪುಡಿ, ಅದೇ ವಾಷಿಂಗ್ ಮಷೀನು, ಒಗೆಯುವ ಕೈಯೂ ಅದೇ. ಆದರೂ ಎರಡು ತಿಂಗಳು ಕಳೆಯುವಷ್ಟರಲ್ಲಿ ಅಪ್ಪನ ಬಿಳಿ ಪಂಚೆಗಳು ಬೂದು ಬಣ್ಣಕ್ಕೆ ತಿರುಗಿದವು, ಸ್ಟೀಲಿನ ನಲ್ಲಿಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪೊರೆ ಕಟ್ಟಿತು, ಟವೆಲ್ಲುಗಳು ಒಣಗಿದ ಮೇಲೆ ಹಪ್ಪಳದಂತೆ ಸೆಟೆದುಕೊಳ್ಳತೊಡಗಿದವು. ಬಿಳುಪು ತರುವ ಪುಡಿ, ಮೆದುಗೊಳಿಸುವ ದ್ರವ, ಬಚ್ಚಲಿಗೊಂದು, ಸಿಂಕಿಗೊಂದು, ಗಾಜಿಗೊಂದು ಎಂದು ಬಾಟಲಿಗಳನ್ನು ತಂದು ತುಂಬಿದೆವು. ತಿಂಗಳ ಖರ್ಚು ಏರಿತೇ ಹೊರತು ಪಂಚೆ ಬೆಳ್ಳಗಾಗಲಿಲ್ಲ. ಹಳೆಯ ಮನೆಗೆ ಬರುತ್ತಿದ್ದುದು ಕಾವೇರಿ ನೀರು, ಹೊಸ ಮನೆಗೆ ಬರುತ್ತಿರುವುದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಎಂಬುದು ಹೊಳೆದ ಮೇಲಷ್ಟೇ ನಾವು ಮನೆಗೆಲಸದ ಕ್ರಮವನ್ನು ಮೊದಲಿನಿಂದ ಕಲಿಯಬೇಕಾಯಿತು. ಈ ಊರಿನಲ್ಲಿ ಮನೆಯನ್ನು ಚೊಕ್ಕಟವಾಗಿಯೂ ಅಂದವಾಗಿಯೂ ಇಡಲು ಹೊರಡುವವರು ಮೊದಲು ತಮ್ಮ ನೀರನ್ನು, ಆಮೇಲೆ ತಮ್ಮ ನೆಲವನ್ನು ಗುರುತಿಸಿಕೊಳ್ಳಬೇಕು. ಉಳಿದದ್ದನ್ನೆಲ್ಲ ಆ ಎರಡೇ ತೀರ್ಮಾನಿಸುತ್ತವೆ.

ಮೊದಲ ಹೆಜ್ಜೆ: ನೀರಿನ ಗುಣ ತಿಳಿಯುವುದು

ಗಡಸು ನೀರು ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು. ಬಾರ್ ಸೋಪು ಈ ಲವಣಗಳೊಂದಿಗೆ ಸೇರಿದಾಗ ನೊರೆ ಬರುವ ಬದಲು ಒಡೆದ ಹಾಲಿನಂಥ ಗಷ್ಟು ಉಂಟಾಗುತ್ತದೆ, ಆ ಗಷ್ಟೇ ಬಟ್ಟೆಯ ಎಳೆಗಳ ನಡುವೆ ಕುಳಿತು ಬಿಳಿ ಬಟ್ಟೆಯನ್ನು ಬೂದಾಗಿಸುತ್ತದೆ, ಬಚ್ಚಲ ಗೋಡೆಗೆ ಅಂಟಿಕೊಂಡು ಜಿಡ್ಡಿನ ಪದರವಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹಾಕಿರುವ ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ; ಬೇರೆ ನೀರಿನ ಮೂಲ ಇಲ್ಲದಿದ್ದಾಗ ಮಾತ್ರ 600 ಮಿಲಿಗ್ರಾಂವರೆಗೆ ಅವಕಾಶವಿದೆ. ಕುಡಿಯಲು ಸರಿಹೋಗುವ ನೀರು ಒಗೆಯಲು ಸರಿಹೋಗಬೇಕೆಂದೇನೂ ಇಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಪಾರದರ್ಶಕ ಬಾಟಲಿಯಲ್ಲಿ ಅರ್ಧದಷ್ಟು ನಲ್ಲಿ ನೀರು ಹಿಡಿಯಿರಿ, ಮೈಸೋಪಿನ ಒಂದು ಚೂರನ್ನು ತುರಿದು ಹಾಕಿ, ಮುಚ್ಚಳ ಬಿಗಿದು ಹತ್ತು ಬಾರಿ ಜೋರಾಗಿ ಕುಲುಕಿರಿ. ಮೇಲೆ ದಟ್ಟವಾದ ನೊರೆ ನಿಂತು ಕೆಳಗಿನ ನೀರು ಹೆಚ್ಚು ಕಡಿಮೆ ತಿಳಿಯಾಗಿದ್ದರೆ ನೀರು ಮೆದು. ನೊರೆ ನಿಲ್ಲದೆ ನೀರೆಲ್ಲ ಮಬ್ಬಾಗಿ ಬಿಳಿ ಚೂರುಗಳು ತೇಲಿದರೆ ಗಡಸು. ಈ ಪರೀಕ್ಷೆಗೆ ಪಾತ್ರೆ ತೊಳೆಯುವ ದ್ರವವನ್ನಾಗಲಿ ಬಟ್ಟೆಯ ಡಿಟರ್ಜೆಂಟನ್ನಾಗಲಿ ಬಳಸಬಾರದು, ಏಕೆಂದರೆ ಅವು ಗಡಸು ನೀರಿನಲ್ಲೂ ನೊರೆ ಕೊಟ್ಟು ದಾರಿ ತಪ್ಪಿಸುತ್ತವೆ. ನೆಲದಡಿಯ ತೊಟ್ಟಿಗೆ (ಸಂಪ್) ಕಾವೇರಿ ನೀರೂ ಬೋರ್‌ವೆಲ್ ನೀರೂ ಬೇರೆ ಬೇರೆ ದಿನ ಬೀಳುವ ಮನೆಗಳಲ್ಲಿ ಎರಡು ದಿನ ಪರೀಕ್ಷಿಸುವುದು ಒಳ್ಳೆಯದು.

ನೀರು ಗಡಸೆಂದು ತಿಳಿದರೆ ಕಿರಾಣಿ ಅಂಗಡಿಯಿಂದ ಎರಡೇ ವಸ್ತುಗಳನ್ನು ತನ್ನಿ. ಒಂದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಇನ್ನೊಂದು ವಾಷಿಂಗ್ ಸೋಡಾ. ಮೊದಲನೆಯದು ಈಗಾಗಲೇ ಕಟ್ಟಿರುವ ಉಪ್ಪಿನ ಪದರವನ್ನು ಕರಗಿಸುತ್ತದೆ, ಎರಡನೆಯದು ಒಗೆಯುವ ನೀರನ್ನು ಮೆದುಗೊಳಿಸುತ್ತದೆ. ಒಂದು ಆಮ್ಲ, ಇನ್ನೊಂದು ಕ್ಷಾರ. ಇವೆರಡನ್ನು ಎಂದೂ ಒಟ್ಟಿಗೆ ಬೆರೆಸಬೇಡಿ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಸಿಂಕಿನ ಕೊಳವೆಗೆ ಸುರಿಯುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಬುಸ್ಸೆಂದು ಉಕ್ಕುವುದು ನೋಡಲು ಚೆಂದ, ಆದರೆ ಆ ಉಕ್ಕಿನಲ್ಲಿ ಎರಡೂ ಒಂದನ್ನೊಂದು ತಿಂದುಹಾಕಿ ಉಳಿಯುವುದು ಶಕ್ತಿಯಿಲ್ಲದ ಉಪ್ಪುನೀರು. ಕೊಳವೆಯಲ್ಲಿ ಜಿಡ್ಡು ಕಟ್ಟಿದ್ದರೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ಬಿಸಿನೀರು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಸಿಂಕಿನ ಕೆಳಗಿನ ಬಟ್ಟಲನ್ನು ತಿರುಗಿಸಿ ಬಿಚ್ಚಿ, ಬಕೆಟ್ ಇಟ್ಟು ತೊಳೆಯಬೇಕು.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಬ್ಲೀಚ್ ದ್ರವವನ್ನು ಶೌಚಾಲಯ ತೊಳೆಯುವ ಆಸಿಡ್ಡಿನ ಜೊತೆಗಾಗಲಿ, ನಿಂಬೆ ಉಪ್ಪು ಅಥವಾ ವಿನೆಗರಿನ ಜೊತೆಗಾಗಲಿ ಬೆರೆಸಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಕಿಟಕಿ ಚಿಕ್ಕದಾಗಿರುವ ನಮ್ಮ ಬಚ್ಚಲುಮನೆಗಳಲ್ಲಿ ಅದು ಶ್ವಾಸಕೋಶಕ್ಕೆ ನೇರ ಅಪಾಯ. ಒಂದನ್ನು ಬಳಸಿದ ದಿನ ಇನ್ನೊಂದನ್ನು ಮುಟ್ಟದಿರುವುದೇ ಕ್ಷೇಮ, ಮತ್ತು ಈ ಮಾತನ್ನು ಮನೆಗೆಲಸಕ್ಕೆ ಬರುವವರಿಗೂ ತಪ್ಪದೆ ತಿಳಿಸಬೇಕು.

ಎರಡನೆಯ ಹೆಜ್ಜೆ: ನೆಲ ಮತ್ತು ಕಲ್ಲನ್ನು ಗುರುತಿಸುವುದು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ, ಆಮೇಲೆ ಕಟ್ಟಿದವುಗಳಲ್ಲಿ ಮೊಸಾಯಿಕ್, ಈಗಿನ ಅಪಾರ್ಟ್‌ಮೆಂಟುಗಳಲ್ಲಿ ವಿಟ್ರಿಫೈಡ್ ಟೈಲ್ಸ್ ಸಾಮಾನ್ಯ. ರೆಡ್ ಆಕ್ಸೈಡ್ ಮತ್ತು ಮೊಸಾಯಿಕ್ ಎರಡೂ ಸಿಮೆಂಟಿನವು. ಆಮ್ಲ ತಾಗಿದರೆ ಹೊಳಪು ಹೋಗಿ ಮೇಲ್ಮೈ ಒರಟಾಗುತ್ತದೆ. ಅಡುಗೆಮನೆಯ ಕಪ್ಪು ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿಯದು, ಅಮೃತಶಿಲೆಯೂ ಹಾಗೆಯೇ. ನಾನು ಒಮ್ಮೆ ನಿಂಬೆ ಉಪ್ಪಿನ ನೀರಿನ ಬಾಟಲಿಯನ್ನು ಕಡಪದ ಶೆಲ್ಫಿನ ಮೇಲೆ ಇಟ್ಟು ಮರೆತೆ. ಬೆಳಿಗ್ಗೆ ಎತ್ತಿ ನೋಡಿದರೆ ಬಾಟಲಿಯ ಬುಡದ ಅಳತೆಗೆ ಸರಿಯಾಗಿ ಬಿಳಿ ಬಳೆಯೊಂದು ಕಲ್ಲಿನಲ್ಲಿ ಮೂಡಿತ್ತು. ಅದು ಕಲೆಯಾಗಿರಲಿಲ್ಲ, ಕಲ್ಲೇ ಸವೆದಿತ್ತು. ತೆಂಗಿನೆಣ್ಣೆ ಉಜ್ಜಿದರೆ ಕೆಲವು ದಿನ ಮರೆಯಾಗುತ್ತದೆ, ಮತ್ತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ನಿಂಬೆ, ವಿನೆಗರ್, ಹುಣಸೆ, ಆಸಿಡ್ ಯಾವುದನ್ನೂ ಈ ನಾಲ್ಕರ ಮೇಲೆ ಬಳಸಬೇಡಿ.

ರೆಡ್ ಆಕ್ಸೈಡ್ ನೆಲವನ್ನು ದಿನವೂ ಬರಿಯ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ತಿಂಗಳಿಗೊಮ್ಮೆ, ನೆಲ ಪೂರ್ತಿ ಒಣಗಿದ ಮೇಲೆ, ಒಣ ಹತ್ತಿ ಬಟ್ಟೆಗೆ ನಾಲ್ಕೈದು ಹನಿ ತೆಂಗಿನೆಣ್ಣೆ ಹಾಕಿ ತೆಳುವಾಗಿ ಉಜ್ಜಿ, ಇನ್ನೊಂದು ಬಟ್ಟೆಯಿಂದ ಎಣ್ಣೆಯ ಜಾರು ಉಳಿಯದಂತೆ ತೆಗೆಯಿರಿ. ಇಷ್ಟು ಮಾಡಿದ ಹಳೆಯ ನೆಲದ ಮೇಲೆ ಸಂಜೆಯ ಬೆಳಕು ಬಿದ್ದಾಗ ಕಾಣುವ ಅಂದಕ್ಕೆ ಯಾವ ದುಬಾರಿ ಕಾರ್ಪೆಟ್ಟೂ ಸಾಟಿಯಾಗದು ಎಂಬುದು ನನ್ನ ನಂಬಿಕೆ. ಟೈಲ್ಸ್ ನೆಲದಲ್ಲಿ ಹೆಚ್ಚಿನವರು ಮಾಡುವ ತಪ್ಪು ದ್ರವವನ್ನು ಹೆಚ್ಚು ಸುರಿಯುವುದು: ಒರೆಸಿದ ಮೇಲೆ ಉಳಿಯುವ ಸೋಪಿನ ಪದರಕ್ಕೆ ಧೂಳು ಅಂಟಿ, ನೆಲ ಮಂಕಾಗಿ, ಬರಿಗಾಲಿಗೆ ಅಂಟಂಟಾಗುತ್ತದೆ. ಅರ್ಧ ಬಕೆಟ್ ನೀರಿಗೆ ಅರ್ಧ ಮುಚ್ಚಳದಷ್ಟು ದ್ರವ ಸಾಕು, ಮತ್ತು ಬಟ್ಟೆ ಜಾಲಿಸಲು ಎರಡನೆಯ ಬಕೆಟ್ಟಿನಲ್ಲಿ ಬರಿಯ ನೀರು ಇಟ್ಟುಕೊಂಡರೆ ಕೊಳೆಯನ್ನೇ ಮತ್ತೆ ನೆಲಕ್ಕೆ ಬಳಿಯುವುದು ತಪ್ಪುತ್ತದೆ.

ಆರ್‌ಓ ಯಂತ್ರ ಹೊರಹಾಕುವ ನೀರಿನ ಬಗ್ಗೆಯೂ ಒಂದು ಮಾತು. ಅದನ್ನು ಚೆಲ್ಲದೆ ಹಿಡಿದಿಡುವುದು ಒಳ್ಳೆಯ ಅಭ್ಯಾಸವೇ, ಆದರೆ ಅದರಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚು. ಕಪ್ಪು ಗ್ರಾನೈಟ್, ಗಾಜು, ಬಿಳಿ ಬಟ್ಟೆಗಳಿಗೆ ಅದನ್ನು ಬಳಸದೆ ಶೌಚಾಲಯಕ್ಕೆ, ಅಂಗಳ ತೊಳೆಯಲು, ಒರೆಸುವ ಬಟ್ಟೆಯನ್ನು ಮೊದಲ ಸಲ ಜಾಲಿಸಲು ಬಳಸಬಹುದು.

ಮೂರನೆಯ ಹೆಜ್ಜೆ: ಧೂಳಿನಿಂದ ಬಚ್ಚಲಿನವರೆಗೆ

ಪಕ್ಕದಲ್ಲಿ ಕಟ್ಟಡವೋ ಮೆಟ್ರೋ ಕಾಮಗಾರಿಯೋ ನಡೆಯದ ಬೀದಿ ಈ ಊರಿನಲ್ಲಿ ವಿರಳವಾಗಿರುವುದರಿಂದ ಧೂಳು ನಮ್ಮ ದಿನನಿತ್ಯದ ಅತಿಥಿ. ಕೆಲಸ ಯಾವಾಗಲೂ ಮೇಲಿನಿಂದ ಕೆಳಕ್ಕೆ, ಒಣದರಿಂದ ಒದ್ದೆಗೆ ಸಾಗಬೇಕು. ಜೇಡರ ಬಲೆ, ಫ್ಯಾನು, ಅಟ್ಟ, ಕಪಾಟಿನ ನೆತ್ತಿ, ಕಿಟಕಿ ಸರಳು, ಸೊಳ್ಳೆ ಜಾಲರಿ, ಕಡೆಗೆ ನೆಲ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಗವಸನ್ನು ತೊಡಿಸಿ ಎರಡೂ ಬದಿಯಿಂದ ಒತ್ತಿ ಎಳೆದರೆ ಧೂಳೆಲ್ಲ ಗವಸಿನೊಳಗೇ ಉಳಿಯುತ್ತದೆ, ಹಾಸಿಗೆಯ ಮೇಲೆ ಉದುರುವುದಿಲ್ಲ. ಒರೆಸಲು ಹಳೆಯ ಬನಿಯನ್ನು, ಸವೆದ ಹತ್ತಿ ಪಂಚೆಗಳಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ.

ನಲ್ಲಿ, ಶವರ್ ಮತ್ತು ಗಾಜಿನ ಮೇಲಿನ ಬಿಳಿ ಕಲೆಗಳಿಗೆ ಅರ್ಧ ಲೀಟರ್ ನೀರಿನಲ್ಲಿ ಒಂದು ಟೇಬಲ್ ಚಮಚ ನಿಂಬೆ ಉಪ್ಪನ್ನು ಕರಗಿಸಿಕೊಳ್ಳಿ. ಆ ನೀರಿನಲ್ಲಿ ಹಳೆಯ ಬಟ್ಟೆಯನ್ನು ಅದ್ದಿ ನಲ್ಲಿಗೆ ಸುತ್ತಿ ಹದಿನೈದು ನಿಮಿಷ ಬಿಡಿ. ಬಟ್ಟೆ ಬಿಚ್ಚಿದಾಗ ಪದರ ಮೆತ್ತಗಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಲ್ಲಿಯ ಬುಡದ ಸಂದಿಯನ್ನು ಉಜ್ಜಿ, ಚೆನ್ನಾಗಿ ತೊಳೆದು, ಕೂಡಲೇ ಒಣಬಟ್ಟೆಯಿಂದ ಒರೆಸಿ. ರಾತ್ರಿಯಿಡೀ ಬಿಟ್ಟರೆ ಹೊಳಪಿನ ಲೇಪವೇ ಹಾಳಾಗಬಹುದು. ಶವರಿನ ತೂತುಗಳು ಮುಚ್ಚಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಇದೇ ನೀರು ತುಂಬಿ, ಶವರ್ ಮುಳುಗುವಂತೆ ರಬ್ಬರ್‌ಬ್ಯಾಂಡಿನಿಂದ ಅರ್ಧ ಗಂಟೆ ಕಟ್ಟಿ. ಇಷ್ಟೆಲ್ಲ ಮತ್ತೆ ಮತ್ತೆ ಮಾಡದಿರಲು ಒಂದೇ ಉಪಾಯ: ಸ್ನಾನ ಮುಗಿಸಿದವರು ಗಾಜಿನ ಮೇಲೆ ವೈಪರ್ ಎಳೆದು, ನಲ್ಲಿಯನ್ನೊಮ್ಮೆ ಒರೆಸಿ ಬರುವುದು. ನೀರು ಆರಿದಾಗಲೇ ಉಪ್ಪು ಉಳಿಯುವುದರಿಂದ, ಆರಲು ಬಿಡದಿದ್ದರೆ ಕಲೆಗೆ ಜಾಗವೇ ಇರುವುದಿಲ್ಲ.

ಅಡುಗೆಮನೆಯ ಚಿಮಣಿ ಜಾಲರಿ ಸ್ಟೀಲಿನದಾದರೆ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಬಹುದು. ಅಲ್ಯೂಮಿನಿಯಂ ಆದರೆ ಅದು ಕಪ್ಪಾಗುತ್ತದೆ, ಆದ್ದರಿಂದ ಪಾತ್ರೆ ತೊಳೆಯುವ ದ್ರವವಷ್ಟೇ ಸಾಕು. ಕಿತ್ತಳೆ, ಮೋಸಂಬಿ, ನಿಂಬೆ ಸಿಪ್ಪೆಗಳನ್ನು ಹಸಿ ಕಸಕ್ಕೆ ಹಾಕುವ ಮೊದಲು ಒಂದು ಯೋಚನೆ ಮಾಡಿ: 300 ಗ್ರಾಂ ಸಿಪ್ಪೆ, 100 ಗ್ರಾಂ ಬೆಲ್ಲ, 1 ಲೀಟರ್ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ಜಾಗ ಬಿಟ್ಟು ತುಂಬಿ, ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಅನಿಲ ಬಿಟ್ಟು, ಮೂರು ತಿಂಗಳ ನಂತರ ಸೋಸಿದರೆ ಬಯೋ ಎಂಜೈಮ್ ಸಿದ್ಧ. ಟೈಲ್ಸ್ ಒರೆಸುವ ನೀರಿಗೆ, ಶೌಚಾಲಯಕ್ಕೆ ಅದು ಚೆನ್ನ. ಗಾಜಿನ ಬಾಟಲಿಯಲ್ಲಿ ಮಾಡಬೇಡಿ, ಅನಿಲದ ಒತ್ತಡಕ್ಕೆ ಒಡೆಯಬಹುದು. ಇದೂ ಹುಳಿಯೇ, ಆದ್ದರಿಂದ ಕಡಪಕ್ಕೆ ಬೇಡ.

ನಾಲ್ಕನೆಯ ಹೆಜ್ಜೆ: ಬಟ್ಟೆ

ಹೆಚ್ಚು ಹಣ ಪೋಲಾಗುವುದು ಇಲ್ಲಿ, ಹೆಚ್ಚು ಉಳಿಸಬಹುದಾದದ್ದೂ ಇಲ್ಲೇ. ಒಗೆಯುವ ಮೊದಲು ಬಿಳಿ, ತಿಳಿಬಣ್ಣ, ಗಾಢಬಣ್ಣ, ಒರೆಸುವ ಬಟ್ಟೆ ಎಂದು ನಾಲ್ಕು ಗುಂಪು ಮಾಡಿ. ಹೊಸ ಬಟ್ಟೆ ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒಳಮಡಿಕೆಯ ಅಂಚನ್ನು ಒದ್ದೆ ಮಾಡಿ, ಬಿಳಿ ಕರವಸ್ತ್ರವನ್ನು ಅದರ ಮೇಲೆ ಒಂದು ನಿಮಿಷ ಒತ್ತಿಹಿಡಿಯಿರಿ. ಕೆಂಪು ಸೆರಗಿನ ಇಳಕಲ್ ಸೀರೆಗಳ ವಿಷಯದಲ್ಲಿ ಈ ಪರೀಕ್ಷೆಯನ್ನು ಎಂದೂ ಬಿಡಬಾರದು.

ಗಡಸು ನೀರಿನ ಮನೆಗಳಲ್ಲಿ ಬಿಳಿ ಹತ್ತಿ ಬಟ್ಟೆಗೆ ಬಾರ್ ಸೋಪಿಗಿಂತ ಡಿಟರ್ಜೆಂಟು ಲೇಸು. ಹದಿನೈದು ಲೀಟರಿನ ಬಕೆಟ್ಟಿಗೆ ಒಂದು ಟೇಬಲ್ ಚಮಚ ವಾಷಿಂಗ್ ಸೋಡಾವನ್ನು ಮೊದಲು ಕರಗಿಸಿ, ಆಮೇಲೆ ಡಿಟರ್ಜೆಂಟ್ ಹಾಕಿ, ಅರ್ಧ ಗಂಟೆ ನೆನೆಸಿ ಒಗೆಯಿರಿ. ನೀರು ಮೆದುವಾದ ಕೂಡಲೇ ಮೊದಲಿನ ಅಳತೆಗಿಂತ ಕಡಿಮೆ ಡಿಟರ್ಜೆಂಟ್ ಸಾಕಾಗುತ್ತದೆ. ಕೈಗವಸು ಹಾಕಿಕೊಳ್ಳಿ, ರೇಷ್ಮೆ ಮತ್ತು ಉಣ್ಣೆಗೆ ಸೋಡಾವನ್ನು ತಾಗಿಸಬೇಡಿ. ಈಗಾಗಲೇ ಬೂದಾಗಿರುವ ಪಂಚೆ, ಹಾಸಿಗೆ ಹೊದಿಕೆಗಳನ್ನು ಒಗೆದ ಮೇಲೆ ಅರ್ಧ ಬಕೆಟ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ ಹತ್ತು ನಿಮಿಷ ಅದ್ದಿ, ಮತ್ತೆ ಬರಿಯ ನೀರಿನಲ್ಲಿ ಜಾಲಿಸಿ. ಎರಡು ಮೂರು ಒಗೆತಗಳಲ್ಲಿ ಹಳೆಯ ಗಷ್ಟು ಬಿಟ್ಟುಕೊಳ್ಳುತ್ತದೆ. ಅಪ್ಪನ ಪಂಚೆಗಳು ಮರಳಿ ಬೆಳ್ಳಗಾದದ್ದು ಹೀಗೆ. ನೀಲಿ ಹಾಕುವುದು ಇದರ ನಂತರದ ಮಾತು: ಗಷ್ಟು ತುಂಬಿದ ಬಟ್ಟೆಗೆ ನೀಲಿ ಹಾಕಿದರೆ ಬೂದು ಬಣ್ಣ ನೀಲಿಬೂದಾಗುತ್ತದೆ, ಅಷ್ಟೇ. ಟವೆಲ್ಲುಗಳಿಗೆ ಮೆದುಗೊಳಿಸುವ ದ್ರವ ಹಾಕಿದರೆ ಅವು ನೀರು ಹೀರುವುದನ್ನೇ ಮರೆಯುತ್ತವೆ. ಒಣಹಾಕುವ ಮೊದಲು ನಾಲ್ಕು ಬಾರಿ ಜಾಡಿಸಿ ಒದರಿದರೆ ಸಾಕು.

ಕಲೆಗಳಲ್ಲಿ ನಮ್ಮ ಮನೆಗಳ ಮುಖ್ಯ ಕಲೆ ಸಾಂಬಾರಿನದು. ಕಳೆದ ಯುಗಾದಿಯಂದು ಬಿಳಿ ಮೇಜುವಸ್ತ್ರದ ಮೇಲೆ ಸಾಂಬಾರು ಚೆಲ್ಲಿತು. ಸೋಪು ತಾಗಿಸಿದ ಮರುಕ್ಷಣ ಹಳದಿ ಕಲೆ ಕುಂಕುಮದಂತೆ ಕೆಂಪಾಯಿತು. ಮನೆಗೆ ಬಂದಿದ್ದ ಚಿಕ್ಕಮ್ಮ ಬಟ್ಟೆ ಹಾಳಾಯಿತೆಂದು ಹೌಹಾರಿದರು. ಅರಿಸಿನದ ಬಣ್ಣಕ್ಕೆ ಕ್ಷಾರ ತಾಗಿದಾಗ ಕೆಂಪಾಗುವುದು ಸಹಜ, ಜಾಲಿಸಿದರೆ ಅದು ಮರಳಿ ಹಳದಿಯಾಗುತ್ತದೆ. ಮೊದಲು ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ ಎಣ್ಣೆಯಂಶ ತೆಗೆಯಿರಿ, ಎಂದಿನಂತೆ ಒಗೆಯಿರಿ, ಉಳಿದ ಹಳದಿಯನ್ನು ಬಿಸಿಲಿಗೆ ಬಿಟ್ಟುಬಿಡಿ. ಅರಿಸಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಒದ್ದೆಯಾಗಿಯೇ ಟೆರೇಸಿನಲ್ಲಿ ಹರವಿದ ನಮ್ಮ ಮೇಜುವಸ್ತ್ರದ ಕಲೆ ಮೊದಲ ಸಂಜೆಗೆ ನಿಂಬೆಹಣ್ಣಿನ ಬಣ್ಣಕ್ಕಿಳಿದು ಎರಡನೆಯ ದಿನ ಹುಡುಕಿದರೂ ಸಿಗಲಿಲ್ಲ. ರಕ್ತ, ಹಾಲು, ಮೊಟ್ಟೆಯ ಕಲೆಗಳನ್ನು ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರು ಅವನ್ನು ಗಟ್ಟಿಗೊಳಿಸುತ್ತದೆ. ಬಿಳಿ ಹತ್ತಿ ಬಟ್ಟೆಯ ತುಕ್ಕಿನ ಕಲೆಗೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿನಲ್ಲಿಟ್ಟು ತೊಳೆಯಿರಿ. ಬಾಲ್‌ಪೆನ್ನಿನ ಶಾಯಿಗೆ ಕೈಗೆ ಹಚ್ಚುವ ಸ್ಯಾನಿಟೈಸರ್ ಸಾಕು, ಕೆಳಗೊಂದು ಒರೆಬಟ್ಟೆ ಇಟ್ಟು ಒತ್ತಬೇಕು, ಉಜ್ಜಬಾರದು.

ವಾಷಿಂಗ್ ಮಷೀನಿಗೆ ಎರಡು ಮೂರು ತಿಂಗಳಿಗೊಮ್ಮೆ, ಬಟ್ಟೆ ಹಾಕದೆ, 100 ಗ್ರಾಂ ನಿಂಬೆ ಉಪ್ಪಿನೊಂದಿಗೆ ಬಿಸಿನೀರಿನ ಸುತ್ತೊಂದನ್ನು ಓಡಿಸಿ. ಅದಕ್ಕೆ ಮುನ್ನ ಕಂಪನಿಯ ಕೈಪಿಡಿಯನ್ನೊಮ್ಮೆ ಓದಿ. ಒಗೆದು ಮುಗಿದ ಮೇಲೆ ಬಾಗಿಲನ್ನು ತೆರೆದಿಟ್ಟು ರಬ್ಬರಿನ ಮಡಿಕೆಯನ್ನು ಒರೆಸಿದರೆ ಮುಗ್ಗುಲು ವಾಸನೆ ಬರುವುದಿಲ್ಲ.

ಕಡೆಯ ಜಾಲಿಕೆಯ ನೀರು ಬಹುಪಾಲು ತಿಳಿಯಾಗಿರುತ್ತದೆ. ಅದನ್ನು ಮುಂದಿನ ಕಂತಿನ ಬಟ್ಟೆ ನೆನೆಹಾಕಲು ಅಥವಾ ಬಾಲ್ಕನಿ ತೊಳೆಯಲು ಹಿಡಿದಿಡಿ. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ತೀವ್ರವಾದಾಗ ಬೆಂಗಳೂರು ಜಲಮಂಡಳಿ ವಾಹನ ತೊಳೆಯುವುದು, ಕೈದೋಟಕ್ಕೆ ಹಾಯಿಸುವುದು ಮುಂತಾದವಕ್ಕೆ ಕುಡಿಯುವ ನೀರನ್ನು ಬಳಸಕೂಡದೆಂದು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದು ಹಲವರಿಗೆ ನೆನಪಿರಬಹುದು. ಆ ಬೇಸಿಗೆಯಲ್ಲಿ ಕಲಿತ ಅಭ್ಯಾಸವನ್ನು ನಮ್ಮ ಮನೆಯಲ್ಲಿ ಬಿಟ್ಟಿಲ್ಲ. ಮಳೆಗಾಲದಲ್ಲಿ ಇನ್ನೂ ಒಂದು ಸೌಕರ್ಯವಿದೆ. ಮಳೆನೀರು ಅತ್ಯಂತ ಮೆದುವಾದ ನೀರು. ಮೊದಲ ಹತ್ತು ಹದಿನೈದು ನಿಮಿಷದ ಮಳೆ ಟೆರೇಸನ್ನು ತೊಳೆದುಹೋದ ಮೇಲೆ ತೆರೆದ ಜಾಗದಲ್ಲಿ ಬಕೆಟ್ ಇಟ್ಟು ಹಿಡಿದ ನೀರಿನಲ್ಲಿ ಬಿಳಿ ಬಟ್ಟೆಯನ್ನು ಕಡೆಯದಾಗಿ ಜಾಲಿಸಿ ನೋಡಿ.

ಜೂನ್‌ನಿಂದ ನವೆಂಬರ್‌ವರೆಗೆ ಬಟ್ಟೆ ಒಣಗಿಸುವುದೇ ದೊಡ್ಡ ಸಮಸ್ಯೆ. ಮಷೀನಿನಲ್ಲಿ ಇನ್ನೊಂದು ಬಾರಿ ಹಿಂಡಿಸಿ, ಸ್ಟ್ಯಾಂಡಿನಲ್ಲಿ ಒಂದು ಕಂಬಿ ಬಿಟ್ಟು ಒಂದರಲ್ಲಿ ಹರವಿ, ಫ್ಯಾನ್ ಹಾಕಿ. ಅಂಗಿಗಳನ್ನು ಹ್ಯಾಂಗರಿಗೇ ಹಾಕಿ ಒಣಗಿಸಿದರೆ ಇಸ್ತ್ರಿ ಗಾಡಿಗೆ ಕೊಡುವ ಕಟ್ಟು ಅರ್ಧಕ್ಕಿಳಿಯುತ್ತದೆ.

ಐದನೆಯ ಹೆಜ್ಜೆ: ಅಂದ

ಇಷ್ಟಾದ ಮೇಲೆ ಅಂದಕ್ಕೆ ಬೇಕಾಗುವುದು ಅಲ್ಪ. ಸವೆದ ಇಳಕಲ್ ಸೀರೆಯಿಂದ ಪರದೆ, ಗುಳೇದಗುಡ್ಡದ ಖಣದಿಂದ ದಿಂಬಿನ ಗವಸು ಹೊಲಿಸಬಹುದು. ಚಿಕ್ಕಪೇಟೆಯಿಂದ ಹೊಸ ಹತ್ತಿ ಬಟ್ಟೆ ತಂದರೆ ಹೊಲಿಸುವ ಮೊದಲು ರಾತ್ರಿಯಿಡೀ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪರದೆ ಗೇಣುದ್ದ ಮೇಲೇರಬಹುದು. ಹತ್ತಿ ಪರದೆ, ಸೀರೆಗಳಿಗೆ ಗಂಜಿ ಹಾಕಲು ಒಂದು ಟೇಬಲ್ ಚಮಚ ಸಬ್ಬಕ್ಕಿಯನ್ನು ಅರ್ಧ ಲೀಟರ್ ನೀರಿನಲ್ಲಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಅರ್ಧ ಬಕೆಟ್ ನೀರಿಗೆ ಬೆರೆಸಿ. ಎತ್ತಿಡುವ ಬಟ್ಟೆಗೆ ಗಂಜಿ ಬೇಡ, ಹುಳುಗಳಿಗೆ ಅದು ಆಹಾರ.

ಹಿತ್ತಾಳೆಯ ಚೊಂಬು, ದೀಪಗಳನ್ನು ಹಳೆಯ ಹುಣಸೆಹಣ್ಣಿನಿಂದ ತಿಕ್ಕಿ, ತೊಳೆದು, ಒಂದು ಹನಿ ನೀರೂ ಉಳಿಯದಂತೆ ಕೂಡಲೇ ಒರೆಸಿ. ನೀರು ನಿಂತಲ್ಲೇ ಮತ್ತೆ ಕಪ್ಪು ಕಟ್ಟುವುದು. ಬೆಳ್ಳಿಗೆ ವಿಭೂತಿ ಸಾಕು. ಗಾಂಧಿ ಬಜಾರಿನಿಂದ ತಂದ ಒಂದು ಹಿಡಿ ಸುಗಂಧರಾಜ ಆ ಚೊಂಬಿನಲ್ಲಿದ್ದರೆ ನಡುಮನೆಗೆ ಬೇರೆ ಅಲಂಕಾರ ಬೇಕೆನಿಸುವುದಿಲ್ಲ.

ಮೈಸೂರು ರೇಷ್ಮೆ ಸೀರೆಗಳನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು, ನೆರಳಿನಲ್ಲಿ ಗಾಳಿಯಾಡಿಸಿ, ಮಡಿಕೆ ಬದಲಿಸಿದರೆ ಜರಿ ಒಂದೇ ಗೆರೆಯಲ್ಲಿ ಮುರಿಯುವುದಿಲ್ಲ. ನುಸಿಗುಳಿಗೆ ಜರಿಗೆ ತಾಗದಿರಲಿ, ಕಪಾಟು ಗೋಡೆಗೆ ಅಂಟದೆ ಎರಡು ಬೆರಳಿನಷ್ಟು ದೂರವಿರಲಿ.

ಬೇಸಿಗೆ ಬರುತ್ತಿದ್ದಂತೆ ಬೋರ್‌ವೆಲ್ ನೀರಿನ ಗುಣ ಬದಲಾಗಬಹುದು, ಟ್ಯಾಂಕರಿನವರು ತರುವ ನೀರಿನ ಮೂಲವೂ ಬದಲಾಗಬಹುದು. ಮಾರ್ಚ್ ಮೊದಲ ವಾರ ಆ ಬಾಟಲಿಯನ್ನು ಮತ್ತೊಮ್ಮೆ ತೆಗೆದು ಸೋಪಿನ ಚೂರು ಹಾಕಿ ಕುಲುಕಿ, ಸೋಡಾದ ಅಳತೆಯನ್ನು ಅದಕ್ಕೆ ತಕ್ಕಂತೆ ಸರಿಪಡಿಸಿಕೊಳ್ಳಿ.